ಪ್ರೇಮಮ್ಮನ ಹೆಬ್ಬೆಟ್ಟು

"ಏ ಏ, ಟೇಬಲ್ ಮುಟ್ಬೇಡ! ಏನಮ್ಮ ಅದು ಕೈಯಿ, ಒಲೆ ಕೆದಕಿ ಬಂದಂಗೆ? ಹೋಗು, ಸೋಪು ಹಾಕಿ ತೊಳ್ಕೊಂಡು ಬಾ. ಮೇಡಮ್ ಬರೋ ಹೊತ್ತು."

ಕಾರ್ಮಿಕ ಅಧಿಕಾರಿ ಕಚೇರಿಯ ಜವಾನ ಹೆಗಲ ಟವೆಲ್ಲಿನಿಂದ ಟೇಬಲ್ಲಿನ ಅಂಚನ್ನು ಒರೆಸಿದ. ಕೆಂಪಾಜಮ್ಮ ಅದನ್ನು ಮುಟ್ಟಿರಲಿಲ್ಲ. ಮುಟ್ಟಿಯಾಳು ಎಂಬ ಅನುಮಾನವನ್ನೇ ಅವನು ಒರೆಸುತ್ತಿದ್ದ.

"ಮೂರ್ ಸತಿ ತೊಳ್ದಿವ್ನಿ ಕಣಪ್ಪ. ಒಗೆಸೊಪ್ಪಿನ ಅಂಟು ಇದು. ಸೋಪಿಗೂ ಓಗಾಕಿಲ್ಲ, ಸೀಮೆಎಣ್ಣೆಗೂ ಓಗಾಕಿಲ್ಲ."

"ಹಂಗಾದ್ರೆ ಕೈ ಹಿಂದಕ್ಕೆ ಕಟ್ಕೊಂಡು ನಿಂತ್ಕೊ."

ಕೆಂಪಾಜಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡಳು. ಶ್ರಾವಣ ಮಾಸ, ಹಸಿ ಸೊಪ್ಪು ಮುರಿಯುವ ಕಾಲ. ಬೆಳಕು ಹರಿಯುವ ಮೊದಲೇ ಹಾರನಹಳ್ಳಿ ಕಡೆಯ ಹೊಲದಲ್ಲಿ ಎರಡು ಸಾಲು ಮುರಿದು, ಸೆರಗಿನಲ್ಲಿ ಬೆವರೊರೆಸಿಕೊಂಡು, ಎಂಟೂವರೆ ಬಸ್ಸು ಹತ್ತಿ ಬಂದಿದ್ದಳು. ಬೆರಳ ಸಂದಿಯ ಕರಿ ಅಂಟು ಒಣಗಿ ಚರ್ಮವನ್ನು ಬಿಗಿಯುತ್ತಿತ್ತು.

ಹೊರಗೆ ಜಗಲಿಯ ಬೆಂಚಿನ ಮೇಲೆ ಹೊಗೆಸೊಪ್ಪಿನ ಶೆಡ್ಡಿನ ಐದು ಜನ ಹೆಂಗಸರು ಒತ್ತಿಕೊಂಡು ಕುಳಿತಿದ್ದರು. ಅವರಲ್ಲಿ ಬಾಯಿ ಜೋರು ಪುಟ್ಟಮಾದಮ್ಮನದು.

"ನೋಡ್ರವ್ವ, ಕೈ ಕಟ್ಟಿ ನಿಲ್ಲಿಸವ್ನೆ. ಕಳ್ಳತನ ಮಾಡಿ ಸಿಕ್ಕಾಕಂಡೋಳು ಅಂಗೆ. ಕಳ್ ನನ್ಮಗ ಮಾಲೀಕ ಮನೇಲಿ ಕುಂತ್ಕಂಡು ವಕೀಲನ್ನ ಕಳಿಸವ್ನೆ."

"ಬಾಯ್ ಮುಚ್ಚಮ್ಮ, ಇದು ಆಫೀಸು," ಎಂದ ಜವಾನ.

"ಆಪೀಸು ಅಂತ ಗೊತ್ತು ಕಣಪ್ಪ. ಬೋರ್ಡು ಓದಾಕೆ ಬರ್ದೆ ಇದ್ರೂ ಉಚ್ಚೆ ವಾಸ್ನೇಲಿ ಗೊತ್ತಾಯ್ತದೆ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಗದೆ ಇದ್ದವಳು ಕಿಟಕಿಯ ಪಕ್ಕ ನಿಂತಿದ್ದ ಸಂಘಮಿತ್ರ ಒಬ್ಬಳೇ. ಇಪ್ಪತ್ತೊಂದರ ಹುಡುಗಿ, ಸತ್ತ ಪ್ರೇಮಮ್ಮನ ಒಬ್ಬಳೇ ಮಗಳು. ಬಿ.ಎ. ಎರಡನೇ ವರ್ಷಕ್ಕೆ ನಿಲ್ಲಿಸಿ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದಳು. ಊರಿನವರ ಅರ್ಜಿಗಳನ್ನೆಲ್ಲ ನಕಲು ಮಾಡುತ್ತ ಮಾಡುತ್ತ ಅರ್ಜಿ ಬರೆಯುವುದನ್ನು ಕಲಿತು, ಕೊನೆಗೆ ತನ್ನದನ್ನೇ ಬರೆದಿದ್ದಳು. ಎರಡು ವರ್ಷ ಮೂರು ತಿಂಗಳ ಹಿಂದೆ, ಕೊರೋನಾದ ಎರಡನೇ ಅಲೆಯಲ್ಲಿ, ವಿರೂಪಾಕ್ಷಪ್ಪನ ಹೊಗೆಸೊಪ್ಪಿನ ಶೆಡ್ಡಿನಲ್ಲಿ ಕೆಲಸ ಮಾಡುತ್ತಲೇ ನನ್ನ ತಾಯಿಗೆ ರೋಗ ಅಂಟಿತು, ಅದರಿಂದಲೇ ಸತ್ತಳು, ಇದಕ್ಕೆ ಮಾಲೀಕರು ಹೊಣೆ. ಅರ್ಜಿಯಲ್ಲಿ ಇದ್ದದ್ದು ಇಷ್ಟೇ. ಇವತ್ತಿನ ವಿಚಾರಣೆಯಲ್ಲಿ ಅಧಿಕಾರಿ ಹೌದೆಂದು ಬರೆದರೆ ಅರ್ಜಿ ಮುಂದಕ್ಕೆ ಹೋಗುತ್ತದೆ. ಇಲ್ಲವೆಂದರೆ ಕಡತ ಕಟ್ಟಿ ಬೀರುವಿನ ಮೇಲಿಡುತ್ತಾರೆ.

ಅಧಿಕಾರಿ ಆಶಾರಾಣಿ ಬಂದು ಕುಳಿತರು. ಹಿಂದೆಯೇ ಮಾಲೀಕರ ವಕೀಲರು ಬಂದರು. ಇಸ್ತ್ರಿಯ ಬಿಳಿ ಅಂಗಿ, ಮಣಿಕಟ್ಟಿನವರೆಗೆ ಗುಂಡಿ. ಅವರ ಬೆನ್ನಿಗೆ ಶೆಡ್ಡಿನ ಗುಮಾಸ್ತ ಕೃಷ್ಣಕುಮಾರ. ಕೆಂಪಾಜಮ್ಮನ ಕೇರಿಯವನೇ, ನಾಲ್ಕು ಮನೆ ಆಚೆಯವನು, ಕೇರಿಗೆಲ್ಲ ಕಿಟ್ಟ. ಪಿಯುಸಿ ಓದಿ, ಆ ಶೆಡ್ಡಿನಲ್ಲಿ ಪೆನ್ನು ಹಿಡಿದ ಒಬ್ಬನೇ ಒಬ್ಬ ತಮ್ಮವನು. ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಳಿಬಿಟ್ಟು ಗೋಡೆಯ ಬದಿಯ ಕುರ್ಚಿಯಲ್ಲಿ ಕುಳಿತ. ಕೆಂಪಾಜಮ್ಮ ಅವನನ್ನು ನೋಡಿದಳು. ಅವನು ಫ್ಯಾನನ್ನು ನೋಡಿದ.

"ಮೇಡಮ್, ಬಹಳ ಸರಳವಾದ ವಿಷಯ," ವಕೀಲರು ಒಂದು ಹಾಳೆ ತೆಗೆದರು. "ಮೃತರು ಬದುಕಿದ್ದಾಗ ತಾವೇ ಕೊಟ್ಟ ಒಪ್ಪಿಗೆ ಪತ್ರ. ಓದ್ತೀನಿ. 'ಕೊರೋನಾ ರೋಗದ ಅಪಾಯವನ್ನು ಚೆನ್ನಾಗಿ ಅರಿತು, ನನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ನಾನು ಕೆಲಸಕ್ಕೆ ಬರುತ್ತಿದ್ದೇನೆ. ನನಗೆ ಸೋಂಕು ತಗುಲಿದಲ್ಲಿ ಅಥವಾ ಮರಣ ಸಂಭವಿಸಿದಲ್ಲಿ ಮಾಲೀಕರು ಜವಾಬ್ದಾರರಲ್ಲ. ನಾನಾಗಲಿ ನನ್ನ ವಾರಸುದಾರರಾಗಲಿ ಯಾವುದೇ ಹಕ್ಕನ್ನು ಕೇಳತಕ್ಕದ್ದಲ್ಲ.' ಕೆಳಗೆ ಬಲಗೈ ಹೆಬ್ಬೆಟ್ಟಿನ ಗುರುತು, ಪ್ರೇಮಮ್ಮ. ದಿನಾಂಕ ಇದೆ."

ಜಗಲಿಯಿಂದ ಪುಟ್ಟಮಾದಮ್ಮನ ದನಿ ಬಂತು. "ಸ್ವಂತ ಇಚ್ಚೆಯಂತೆ! ನಮ್ ಸ್ವಂತ ಇಚ್ಚೆ ಕೇಳಿದ್ರೆ ನಾವು ಆ ನನ್ಮಗನ ಗೇಟ್ ಕಡೆ ಉಗಿಯಕ್ಕೂ ಓಗ್ತಿರ್ಲಿಲ್ಲ."

ವಕೀಲರು ಮುಗುಳ್ನಕ್ಕರು.

*

ಆ ವೈಶಾಖದಲ್ಲಿ ಅಂಗಡಿ ಮುಂಗಟ್ಟು ಮುಚ್ಚಿ, ಬಸ್ಸು ನಿಂತು, ಕೂಡುರಸ್ತೆಗಳಲ್ಲಿ ಪೊಲೀಸರು ನಿಂತಿದ್ದಾಗ, ಕಂಪಲಾಪುರದ ಆಚೆ ವಿರೂಪಾಕ್ಷಪ್ಪನ ಶೆಡ್ಡು ಮಾತ್ರ ನಡೆಯುತ್ತಿತ್ತು. ಹರಾಜಿನಲ್ಲಿ ಕೊಂಡ ಸೊಪ್ಪಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿ, ನಡುವಿನ ಕಡ್ಡಿ ಬಿಡಿಸಿ, ಬಣ್ಣ ನೋಡಿ ವಿಂಗಡಿಸುವ ಕೆಲಸ. ಎಲೆಯ ತುದಿಯನ್ನು ಎಡಗೈಯಲ್ಲಿ ಹಿಡಿದು ಬಲಗೈ ಹೆಬ್ಬೆಟ್ಟನ್ನು ಕಡ್ಡಿಯುದ್ದಕ್ಕೂ ಎಳೆಯಬೇಕು. ಸರ್ರನೆ ಕಡ್ಡಿ ಬೇರೆ, ಸೊಪ್ಪು ಬೇರೆ. ದಿನಕ್ಕೆ ಸಾವಿರಾರು ಎಲೆ.

ಹೆಂಗಸರನ್ನು ಕರೆತರಲು ಹಳ್ಳಿಗೆ ಲಾರಿ ಬರುತ್ತಿತ್ತು. ಮೇಲೆ ಟಾರ್ಪಾಲು, ಅದರ ಕೆಳಗೆ ಖಾಲಿ ಗೋಣಿಚೀಲಗಳ ಮಧ್ಯೆ ನಲವತ್ತು ಹೆಂಗಸರು. ನಾಕಾದಲ್ಲಿ ಲಾರಿ ನಿಂತಾಗ ಯಾರೂ ಉಸಿರಾಡುವಂತಿರಲಿಲ್ಲ.

"ಏನ್ಲಾ ಲೋಡು?" ಪೊಲೀಸಿನವನ ದನಿ.

"ಸೊಪ್ಪು ಸಾ."

ಒಂದು ದಿನ ಪ್ರೇಮಮ್ಮನಿಗೆ ಅಲ್ಲೇ ಕೆಮ್ಮು ಬಂತು. ಸೆರಗಿನ ಗಂಟನ್ನು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ಸುರಿಸುತ್ತ ತಡೆದಳು. ಲಾರಿ ಹೊರಟಮೇಲೆ ನಕ್ಕಿದ್ದಳು. "ಸೊಪ್ಪು ಕೆಮ್ಮುದ್ರೆ ಪೋಲೀಸ್ನೋನು ಎದ್ರುಕೊಂಡ್ ಓಡೋಯ್ತಿದ್ದ ಕಣಕ್ಕ!"

ಗೇಟಿನಲ್ಲಿ ವಿರೂಪಾಕ್ಷಪ್ಪ ಸ್ವತಃ ನಿಲ್ಲುತ್ತಿದ್ದ. ಮುಖಕ್ಕೆ ಎರಡು ಮಾಸ್ಕು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಲ್ಲಿ ಏನನ್ನೋ ತುಂಬಿಸಿ ಆಳಿನ ಕೈಲಿ ಹೆಂಗಸರ ತಲೆಯಿಂದ ಕಾಲಿನವರೆಗೆ ಹೊಡೆಸುತ್ತಿದ್ದ. ಕಣ್ಣು ಉರಿಯುತ್ತಿತ್ತು, ರವಿಕೆ ನೆನೆದು ಮೈಗಂಟುತ್ತಿತ್ತು.

"ತಿರುಗ್ರೇ, ಬೆನ್ನಿಗೂ ಹೊಡೀಲಿ. ದೂರ, ದೂರ ನಿಲ್ರಿ. ಆರಡಿ." ಅವನು ಒಳ್ಳೆಯ ಲಹರಿಯಲ್ಲಿದ್ದ. "ನಮ್ಮಪ್ಪ ನಿಮ್ಮನ್ನ ದೂರ ನಿಲ್ಸಿದ್ರೆ ಕೇಸಾಗ್ತಿತ್ತು. ಈಗ ಸರ್ಕಾರನೇ ನಿಲ್ಸಿ ಅಂತದೆ. ಯಾರ ಮೇಲೆ ಹಾಕ್ತೀರೇ ಕೇಸು?"

ಗೇಟಿನ ಆಚೆ ಆರಡಿ. ಒಳಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು. ಬಾಗಿಲಿಗೆ ಹೊರಗಿನಿಂದ ಬೀಗ, ಕಿಟಕಿಗಳಿಗೆ ಗೋಣಿ. ಶೆಡ್ಡು ಮುಚ್ಚಿದೆ ಎಂದು ಹೊರಗೆ ಕಾಣಬೇಕಲ್ಲ.

ಆ ಶೆಡ್ಡಿನಲ್ಲಿ ಕೆಮ್ಮದೆ ಇರುವವರು ಯಾರೂ ಇರಲಿಲ್ಲ. ಸೊಪ್ಪಿನ ಘಾಟು ಗಂಟಲಿಗೆ ಇಳಿದು ನಲವತ್ತು ಹೆಂಗಸರೂ ವರ್ಷವಿಡೀ ಕೆಮ್ಮುತ್ತಿದ್ದರು. ಅದಕ್ಕೆ ಸೊಪ್ಪಿನ ಕೆಮ್ಮು ಎಂದೇ ಹೆಸರು, ಮಡಿಲಲ್ಲಿಟ್ಟುಕೊಂಡ ಬೆಲ್ಲದ ಚೂರೇ ಮದ್ದು. ಪ್ರೇಮಮ್ಮ ಕೆಮ್ಮಿದಾಗ ಕೆಂಪಾಜಮ್ಮ ಕೊಟ್ಟದ್ದೂ ಬೆಲ್ಲವನ್ನೇ.

ಮಾರನೆಯ ದಿನ ಪ್ರೇಮಮ್ಮ ಒಂದು ಹಿಡಿ ಸೊಪ್ಪನ್ನು ಮೂಗಿಗೆ ಹಿಡಿದು ಅಚ್ಚರಿಪಟ್ಟಿದ್ದಳು.

"ಅಕ್ಕೋ, ಇವತ್ತು ಸೊಪ್ಪು ನಾತನೇ ಇಲ್ಲ ಕಣಕ್ಕ."

"ಏನಮ್ಮಿ?"

"ಊ ಕಣಕ್ಕ. ಘಾಟೇ ಇಲ್ಲ. ಮಲ್ಲಿಗೆ ಹೂವ ಕಟ್ತಾ ಕುಂತಂಗೆ ಅದೆ."

"ಪುಣ್ಯವಂತೆ ಕಣಮ್ಮಿ ನೀನು," ಕೆಂಪಾಜಮ್ಮ ಅಂದಿದ್ದಳು. "ಇಪ್ಪತ್ ವರ್ಸಕ್ಕೆ ನಿನ್ ಮೂಗು ಸೊಪ್ಪಿಗೆ ಒಗ್ಗೋಯ್ತು. ನನ್ದು ಇನ್ನೂ ಒಗ್ಗಿಲ್ಲ."

ಹೆಂಗಸರೆಲ್ಲ ನಕ್ಕರು. ಒಬ್ಬೊಬ್ಬರಾಗಿ ಪ್ರೇಮಮ್ಮನ ಮೂಗು ಮುಟ್ಟಿ, ನಮಗೂ ಆ ಪುಣ್ಯ ಬರಲಿ ಎಂದು ತಮ್ಮ ಮೂಗಿಗೆ ಒತ್ತಿಕೊಂಡರು. ಆ ನಗುವನ್ನು ಕೆಂಪಾಜಮ್ಮ ಆಮೇಲೆ ಎಷ್ಟು ಸಲ ಉಗಿದರೂ ಬಾಯಿಂದ ಹೋಗಲಿಲ್ಲ.

ಅದೇ ದಿನ ಮಧ್ಯಾಹ್ನ ಕಾಗದಗಳು ಬಂದವು. ಕಿಟ್ಟ ಒಂದು ಕಟ್ಟು ಹಾಳೆ, ಒಂದು ಶಾಯಿ ಪ್ಯಾಡು ಹಿಡಿದು ನಿಂತಿದ್ದ. ಏನು ಬರೆದಿದೆ ಎಂದು ಕೆಂಪಾಜಮ್ಮ ಕೇಳಿದಾಗ ಅವನಿಗಿಂತ ಮೊದಲು ವಿರೂಪಾಕ್ಷಪ್ಪ ಹೇಳಿದ.

"ಕೊರೋನಾ ಕಾಗ್ದ ಕಣೇ. ಎಲ್ಲಾ ಕಂಪ್ನೀಲೂ ಒತ್ತಿಸ್ಕಂತಾರೆ. ಒತ್ತುದ್ರೆ ನಾಳೆ ಲಾರಿ ಹತ್ತು. ಇಲ್ದಿದ್ರೆ ಮನೇಲಿ ಬಿದ್ದಿರು."

ಮೊದಲು ಒತ್ತಿದವಳು ಕೆಂಪಾಜಮ್ಮ. ಹಾಳೆಯ ಮೇಲೆ ಮೂಡಿದ್ದು ಒಂದು ಕರಿ ಮುದ್ದೆ. ಎರಡನೆಯ ಸಲ ಒತ್ತಿಸಿದರು, ಇನ್ನೊಂದು ಮುದ್ದೆ. ಪ್ರೇಮಮ್ಮ ಒತ್ತಿದಳು, ಮುದ್ದೆ. ಪುಟ್ಟಮಾದಮ್ಮ, ಅದೇ. ಕಡ್ಡಿ ಎಳೆದೂ ಎಳೆದೂ ಗೆರೆ ಸವೆದ ಹೆಬ್ಬೆಟ್ಟುಗಳು. ಉಳಿದದ್ದನ್ನು ಅಂಟು ಮುಚ್ಚಿತ್ತು. ಹೆಂಗಸರಿಗೆ ಇದು ಹೊಸತೇನಲ್ಲ. ನ್ಯಾಯಬೆಲೆ ಅಂಗಡಿಯ ಯಂತ್ರ ಅವರ ಬೆರಳನ್ನು ಒಪ್ಪದೆ ಎಷ್ಟೋ ತಿಂಗಳು ಅಕ್ಕಿ ಸಿಗದೆ ಬಂದಿದ್ದರು. 'ಕಲ್ಲಿಗೆ ಉಜ್ಕೊಂಡು ಬಾ' ಎಂದು ಅಂಗಡಿಯವನು ಅಂದಿದ್ದಕ್ಕೆ ಬಾವಿಕಟ್ಟೆಯಲ್ಲಿ ಸಾಲಾಗಿ ಕೂತು ರಕ್ತ ಜಿನುಗುವಂತೆ ಉಜ್ಜಿಕೊಂಡಿದ್ದರು. ರಕ್ತವನ್ನೂ ಯಂತ್ರ ಒಪ್ಪಲಿಲ್ಲ.

ವಿರೂಪಾಕ್ಷಪ್ಪ ಹಾಳೆಗಳನ್ನು ಎತ್ತಿ ನೋಡಿ ಬಿಸಾಡಿದ.

"ಇದ್ಯಾವ ಬೋಳಿಮಕ್ಕಳ ಕೈಯೇ, ಕರಡಿ ಪಾದ ಇದ್ದಂಗೆ! ಇದನ್ನ ಯಾವ್ ಕೋರ್ಟ್ ಒಪ್ತದೆ?" ಆಮೇಲೆ ತಿರುಗಿ, "ಲೋ ಕಿಟ್ಟ, ನಿನ್ ಕೈ ತೊಳ್ದಿದ್ಯೇನೋ?"

"ತೊಳ್ದಿವ್ನಿ ಸಾ."

"ಬಾ ಆಫೀಸ್ ರೂಮಿಗೆ. ಹಾಳೆ ತಗೊಂಬಾ, ಹೊಸವು."

ಅದನ್ನು ನಲವತ್ತು ಹೆಂಗಸರೂ ಕೇಳಿದ್ದರು. ಕೇಳಿ ಮತ್ತೆ ಕಡ್ಡಿ ಎಳೆಯಲು ಬಾಗಿದ್ದರು.

ಅದಾದ ನಾಲ್ಕನೆಯ ದಿನ ಪ್ರೇಮಮ್ಮ ಸೊಪ್ಪಿನ ಗುಡ್ಡೆಯ ಮೇಲೆ ಒರಗಿದವಳು ಏಳಲಿಲ್ಲ. ತುಟಿ ನೀಲಿಯಾಗಿತ್ತು. ಬೀಗ ತೆಗೆಯಿರಿ ಎಂದು ಹೆಂಗಸರು ಬಾಗಿಲು ಬಡಿದರು. ಹೊರಗಿದ್ದ ಕಿಟ್ಟನಿಗೆ ವಿರೂಪಾಕ್ಷಪ್ಪ ಫೋನಿನಲ್ಲೇ ಹೇಳಿದ: ಲಾರಿ ಸಂಜೆಗೆ ಬರುವುದು, ಅಲ್ಲಿವರೆಗೆ ಯಾರೂ ಹೊರಗೆ ಕಾಣಬಾರದು. ಬೀಗದ ಕೈ ಇದ್ದದ್ದು ಕಿಟ್ಟನ ಹತ್ತಿರ. ಅವನು ಫೋನ್ ಜೇಬಿಗೆ ಹಾಕಿಕೊಂಡು ಬೀಗ ತೆಗೆದ. ತನ್ನ ಸ್ಕೂಟರಿನಲ್ಲಿ ಪ್ರೇಮಮ್ಮನನ್ನು ನಡುವೆ ಕೂರಿಸಿ, ಹಿಂದಿನಿಂದ ಕೆಂಪಾಜಮ್ಮ ಅವಳನ್ನು ತಬ್ಬಿ ಹಿಡಿದು, ಮೂವರೂ ಹೊರಟರು. ನಾಕಾದಲ್ಲಿ ಪೊಲೀಸಿನವನ ಲಾಠಿ ಬಿದ್ದದ್ದು ಕಿಟ್ಟನ ಮೊಣಕೈಗೆ. "ಹೊಡೀರಿ ಸಾ, ವಾಪಸ್ ಬತ್ತಾ ಇನ್ನೊಂದು ಹೊಡೀರಿ, ಈಗ ಬುಡಿ," ಎಂದು ಅತ್ತುಕೊಂಡು ಅವನು ಗಾಡಿ ಓಡಿಸಿದ್ದ.

ಆಸ್ಪತ್ರೆಯಲ್ಲಿ ಮೂರು ದಿನ. ಆಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಉದ್ದನೆಯ ಗಂಟು. ಸಂಘಮಿತ್ರ ಮುಖ ನೋಡುತ್ತೇನೆಂದಳು. ತೋರಿಸಲಿಲ್ಲ.

*

"ಸಾಕ್ಷಿ ಕೆಂಪಾಜಮ್ಮ," ಆಶಾರಾಣಿ ಕರೆದರು. "ಮುಂದೆ ಬನ್ನಿ. ಮೃತರನ್ನ ಎಷ್ಟು ವರ್ಷದಿಂದ ಬಲ್ಲಿರಿ?"

"ಇಪ್ಪತ್ ವರ್ಸ ಪಕ್ಕದಾಗೆ ಕುಂತ್ಕಂಡಿವ್ನಿ ಮೇಡಮ್ಮೋರೆ."

"ಈ ಕಾಗದ ನೋಡಿ. ಇದು ಅವರ ಹೆಬ್ಬೆಟ್ಟೇನಾ?"

"ಮೇಡಮ್," ವಕೀಲರು ನಕ್ಕರು, "ಆಯಮ್ಮನಿಗೆ ಓದಕ್ಕೇ ಬರಲ್ಲ. ಹೆಬ್ಬೆಟ್ಟು ಗುರುತು ಹಿಡಿಯೋಕೆ ಬೆರಳಚ್ಚು ತಜ್ಞರು ಇದ್ದಾರೆ."

"ನೋಡ್ಲಿ ಬಿಡಿ."

ಕೆಂಪಾಜಮ್ಮ ಹಿಂದೆ ಕಟ್ಟಿದ್ದ ಕೈಯನ್ನು ಬಿಡಿಸಿದಳು. ಜವಾನ ಹಾಳೆಯನ್ನು ಅವಳ ಕೈಗೆ ಕೊಡದೆ ತಾನೇ ಎರಡು ತುದಿ ಹಿಡಿದು ಅವಳ ಮುಖದ ಮುಂದೆ ಚಾಚಿದ. ಅಕ್ಷರಗಳನ್ನು ಅವಳು ನೋಡಲಿಲ್ಲ. ಕೆಳಗಿನ ಹೆಬ್ಬೆಟ್ಟಿನ ಗುರುತನ್ನು ನೋಡಿದಳು.

ಒಂದರ ಪಕ್ಕ ಒಂದು ಗೆರೆ. ಹದವಾಗಿ ಉತ್ತ ಹೊಲದ ಸಾಲಿನಂತೆ ಸುತ್ತಿ ಸುತ್ತಿ ಬಂದ ಗೆರೆ.

"ಅಲ್ಲ," ಅಂದಳು.

"ಏನಲ್ಲ?"

"ಇದು ಪ್ರೇಮಮ್ಮಂದಲ್ಲ. ಸೊಪ್ಪು ಬಿಡಿಸೋ ಯಾವ್ ಹೆಂಗ್ಸಿಂದೂ ಅಲ್ಲ. ನಮ್ ಬೆಟ್ನಾಗೆ ಗೆರೆ ಎಲ್ಲದೆ ಮೇಡಮ್ಮೋರೆ? ಅಕ್ಕಿ ಅಂಗ್ಡಿ ಮಿಸನ್ನೇ ನಮ್ಮನ್ನ ಮನುಸ್ರು ಅಂತ ಒಪ್ಪಾಕಿಲ್ಲ. ನೋಡಿ ಬೇಕಾರೆ."

ಟೇಬಲ್ಲಿನ ಮೇಲಿದ್ದ ಶಾಯಿ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ, ಜವಾನ ಹಾಂ ಹಾಂ ಎನ್ನುವಷ್ಟರಲ್ಲಿ, ಅಲ್ಲಿದ್ದ ಬಿಳಿ ಹಾಳೆಯ ಮೇಲೆ ಒತ್ತಿದಳು. ಕರಿ ಮುದ್ದೆ. ಆಶಾರಾಣಿ ಕನ್ನಡಕ ಸರಿಮಾಡಿಕೊಂಡು ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಸಂಘಮಿತ್ರ ಕಿಟಕಿ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

"ಆಕ್ಷೇಪಣೆ ಇದೆ ಮೇಡಮ್. ಇವರ ಬೆರಳು ಹೀಗಿದ್ರೆ ಸತ್ತವರ ಬೆರಳೂ ಹೀಗೇ ಇತ್ತು ಅಂತ ಏನು? ಇದು ಅವರದ್ದಲ್ಲ ಅಂತಾರಲ್ಲ, ಹಾಗಾದ್ರೆ ಯಾರದ್ದು? ಹೇಳಲಿ."

ಕೆಂಪಾಜಮ್ಮ ಬಗ್ಗಿ ಇನ್ನೊಮ್ಮೆ ನೋಡಿದಳು. ಆ ಗೆರೆಗಳ ನಡುವೆ ಓರೆಯಾಗಿ ಒಂದು ಬಿಳಿ ಗೀಟು. ಶಾಯಿ ಹತ್ತದೆ ಉಳಿದ ಗೀಟು, ಮೇಲಿನ ಎಡದಿಂದ ಕೆಳಗಿನ ಬಲಕ್ಕೆ.

ಆ ಗೀಟು ಅವಳಿಗೆ ಗೊತ್ತಿತ್ತು. ಸೊಪ್ಪಿನ ಮೂಟೆಗೆ ಬಿಗಿಯುವ ತಗಡಿನ ಪಟ್ಟಿ ಚಿಮ್ಮಿ ಕಿಟ್ಟನ ಹೆಬ್ಬೆಟ್ಟು ಸೀಳಿದ ದಿನ, ಸೊಪ್ಪನ್ನು ಅಗಿದು ಗಾಯಕ್ಕೆ ಮೆತ್ತಿ, ತನ್ನ ಸೆರಗಿನ ಅಂಚು ಹರಿದು ಕಟ್ಟಿದವಳು ಅವಳೇ. "ಅವ್ವಾ ಅವ್ವಾ" ಎಂದು ಅವನು ಅವಳ ಭುಜ ಕಚ್ಚಿದ್ದ.

ಕಿಟ್ಟನ ಕೈ ಜೇಬಿನಲ್ಲೇ ಇತ್ತು. ಈಗ ಅವನು ಫ್ಯಾನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ.

"ಏನಮ್ಮ? ಗೊತ್ತಿದ್ರೆ ಹೇಳಿ," ಆಶಾರಾಣಿ ಅಂದರು.

ಕೆಂಪಾಜಮ್ಮ ಕೈಯನ್ನು ಮತ್ತೆ ಹಿಂದಕ್ಕೆ ಕಟ್ಟಿಕೊಂಡಳು. ಇಲ್ಲಿಗೆ ಬರುವಾಗ ಅವಳಿಗೆ ಇದ್ದ ಭಯ ಬೇರೆ. ಹೋದ ವಾರ ವಿರೂಪಾಕ್ಷಪ್ಪ ಹೊಲದ ಬದುವಿನವರೆಗೆ ಕಾರು ತಂದು, ಇಳಿಯದೆ, ಗಾಜು ಇಳಿಸಿ ಹೇಳಿದ್ದ: "ಕೆಂಪಾಜಿ, ಸತ್ತೋಳು ಸತ್ಲು. ನೀನು ಬಾಯಿ ಬಿಟ್ರೆ ಈ ತಾಲ್ಲೂಕಲ್ಲಿ ಯಾವ ಶೆಡ್ಡಲ್ಲೂ ನಿನಗೆ ಕೂರೋಕೆ ಚೀಲ ಹಾಸಲ್ಲ." ಆ ಭಯವನ್ನು ಅವಳು ರಾತ್ರಿಯೆಲ್ಲ ಅಗಿದು ಬೆಳಿಗ್ಗೆ ಉಗಿದು ಬಂದಿದ್ದಳು. ಇದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಸ್ಕೂಟರಿನ ಮೇಲೆ ಅತ್ತುಕೊಂಡು ಲಾಠಿ ತಿಂದವನ ಬೆರಳೇ ಈ ಕಾಗದದ ಮೇಲೆ ಇರುವುದು ಎಂದು.

"ಗೊತ್ತಿಲ್ಲ ಅಂತ ಬರ್ಕೊಳ್ಳಿ ಮೇಡಮ್," ವಕೀಲರು ಗಡಿಯಾರ ನೋಡಿದರು. "ಇವರಿಗೆ ಯಾರೋ ಏನೋ ಹೇಳ್ಕೊಟ್ಟು ಕಳಿಸಿರ್ತಾರೆ."

ಸಂಘಮಿತ್ರ ತನ್ನ ಪ್ಲಾಸ್ಟಿಕ್ ಫೈಲನ್ನು ಎದೆಗೆ ಒತ್ತಿಕೊಂಡಿದ್ದಳು. ಅವಳ ಮೂಗು ಥೇಟು ಪ್ರೇಮಮ್ಮನದು.

"ಕಿಟ್ಟ," ಕೆಂಪಾಜಮ್ಮ ಅಂದಳು. "ಕೈ ಈಚ್ಗೆ ತಗಿ ಕಣ್ಲಾ."

ಅವನು ಅಲುಗಲಿಲ್ಲ.

"ಮೇಡಮ್ಮೋರೆ, ಅದು ಇವನ ಬೆಟ್ಟು. ಆ ಬಿಳೀ ಗೀಟು ನೋಡಿ, ತಗಡು ಕುಯ್ದಿದ್ದು. ಕಟ್ಟು ಕಟ್ಟಿದೋಳು ನಾನೇಯ. ಬೆಟ್ಟು ಇವಂದು. ಒತ್ತಿಸ್ದೋನು ವಿರೂಪಾಕ್ಸಪ್ಪ. ನಮ್ ಬೆಟ್ಟು ಮೂಡ್ನಿಲ್ಲ ಅಂತ ಕಾಗ್ದ ಬಿಸಾಕ್ಬುಟ್ಟು, 'ಕಿಟ್ಟ, ಕೈ ತೊಳ್ದಿದ್ಯಾ, ಹೊಸ ಹಾಳೆ ತಗೊಂಬಾ' ಅಂತ ಒಳೀಕೆ ಕರ್ಕೊಂಡೋದ. ನಲ್ವತ್ ಜನ ಕೇಳೀವಿ. ಆವತ್ತು ಯಾಕೆ ಅಂತ ಗೊತ್ತಾಗ್ನಿಲ್ಲ. ಇವತ್ತು ಗೊತ್ತಾಯ್ತು."

"ನಾನೂ ಕೇಳಿವ್ನಿ!" ಜಗಲಿಯಿಂದ ಪುಟ್ಟಮಾದಮ್ಮ.

ವಕೀಲರ ಮುಖದಲ್ಲಿ ಏನೂ ಕದಲಲಿಲ್ಲ. ಅವರು ಕಿಟ್ಟನ ಕಡೆಗೆ ತಿರುಗಿಯೂ ನೋಡದೆ, ಪೆನ್ನಿನ ಮುಚ್ಚಳ ಹಾಕಿದರು.

"ಮೇಡಮ್, ಇದು ನಿಜವೇ ಆಗಿದ್ರೆ ನನ್ನ ಕಕ್ಷಿದಾರರಿಗೇ ಆಘಾತ. ಒಬ್ಬ ನೌಕರ ತನ್ನಷ್ಟಕ್ಕೆ ತಾನು ಮಾಡಿದ ದುರ್ನಡತೆ. ಇವತ್ತೇ ಕೆಲಸದಿಂದ ತೆಗೀತೀವಿ. ಇವನ ಮೇಲೆ ಪೊಲೀಸ್ ಕಂಪ್ಲೇಂಟನ್ನೂ ಮಾಲೀಕರೇ ಕೊಡ್ತಾರೆ."

ಕಿಟ್ಟ ತಲೆ ಎತ್ತಿ ವಕೀಲರ ಬೆನ್ನನ್ನು ನೋಡಿದ.

"ಒತ್ತಿಸ್ದೋನು ವಿರೂಪಾಕ್ಸಪ್ಪ ಅಂತ ನಾನು ಅಂದ್ನಲ್ಲ ಸಾಮಿ!" ಕೆಂಪಾಜಮ್ಮ ಅಂದಳು.

"ಒತ್ತು ಅಂತ ಹೇಳಿದ್ದನ್ನ ಕೇಳಿದ್ರಾ?"

"ಕೈ ತೊಳ್ದಿದ್ಯಾ ಅಂದಿದ್ದು ಕೇಳ್ದೆ."

"ನೋಡಿ ಮೇಡಮ್." ವಕೀಲರು ಎರಡೂ ಅಂಗೈ ತೆರೆದು ತೋರಿಸಿದರು. "ಅದು ಯಾವ ಕಾಲ? ಆಗಾಗ ಕೈ ತೊಳೀರಿ ಅಂತ ಸರ್ಕಾರನೇ ಮೊಬೈಲಲ್ಲಿ ಕೂಗ್ತಿದ್ದ ಕಾಲ. ತನ್ನ ನೌಕರ ಕೈ ತೊಳೆದಿದ್ದಾನಾ ಅಂತ ಕಾಳಜಿಯಿಂದ ಕೇಳೋದು ತಪ್ಪಾ? ಇದನ್ನ ನಮ್ಮ ಪರವಾಗಿ ದಾಖಲು ಮಾಡ್ಕೊಳ್ಳಿ ಅಂತೀನಿ ನಾನು."

ಆಶಾರಾಣಿ ತುಟಿ ಕಚ್ಚಿಕೊಂಡರು. ಕೆಟ್ಟ ಹೆಂಗಸಲ್ಲ ಅವರು. ಕೆಂಪಾಜಮ್ಮನ ಕಡೆ ನೋಡಿ, "ನೋಡಿಯಮ್ಮ, ಕಣ್ಣಾರೆ ನೋಡಿದ್ದನ್ನ, ಕಿವಿಯಾರೆ ಕೇಳಿದ್ದನ್ನ ಮಾತ್ರ ನಾನು ಬರೀಬಹುದು. ನೀವು ಅಂದ್ಕೊಂಡಿದ್ದನ್ನ ಬರಿಯೋಕೆ ಬರಲ್ಲ," ಎಂದರು. ಕಂಪ್ಯೂಟರಿನ ಮುಂದಿದ್ದವನಿಗೆ ತಗ್ಗಿದ ದನಿಯಲ್ಲಿ ಹೇಳಿ ಬರೆಸಿದರು. ಪ್ರಿಂಟರು ಕರಕರ ಎಂದು ಒಂದು ಹಾಳೆಯನ್ನು ಹೊರಹಾಕಿತು.

"ಓದ್ತೀನಿ, ಕೇಳಿಸ್ಕೊಳ್ಳಿ. 'ಸದರಿ ಪತ್ರದಲ್ಲಿರುವ ಹೆಬ್ಬೆಟ್ಟಿನ ಗುರುತು ಮೃತ ಪ್ರೇಮಮ್ಮನವರದ್ದಲ್ಲವೆಂದೂ, ಶೆಡ್ಡಿನ ಗುಮಾಸ್ತ ಕೃಷ್ಣಕುಮಾರ್ ಎಂಬುವರದ್ದೆಂದೂ ಸಾಕ್ಷಿದಾರರು ಗುರುತಿಸಿರುತ್ತಾರೆ. ಮಾಲೀಕರು ಹೆಬ್ಬೆಟ್ಟು ಒತ್ತಲು ಸೂಚಿಸಿದ್ದನ್ನು ತಾನು ಕೇಳಿರುವುದಿಲ್ಲವೆಂದು ಒಪ್ಪಿಕೊಂಡಿರುತ್ತಾರೆ.' ಇಷ್ಟೇ. ಇಲ್ಲಿ ಹೆಬ್ಬೆಟ್ಟು ಒತ್ತಿ."

"ನಾನು ಅಂಗ್ ಹೇಳ್ನಿಲ್ಲ."

"ಹೇಳಿದ್ದರ ಸಾರಾಂಶ ಇದು."

"ಬೀಗ ಹಾಕಿದ್ದು ಎಲ್ಲದೆ ಇದ್ರಾಗೆ? ಟಾರ್ಪಾಲು ಎಲ್ಲದೆ? ಕಾಗ್ದ ಬಿಸಾಕಿದ್ದು? ಕರಡಿ ಪಾದ ಅಂದಿದ್ದು?"

"ಅದನ್ನ ಕೇಳೋಕೆ ಬೇರೆ ದಿನ ಹಾಕ್ತೀನಿ. ಇವತ್ತು ಹೆಬ್ಬೆಟ್ಟಿನ ವಿಷಯ ಮಾತ್ರ."

"ಅಕ್ಕ," ಸಂಘಮಿತ್ರ ಪಿಸುಗುಟ್ಟಿದಳು. "ಒತ್ತಿದ್ರೆ ಅವ್ವ ಒಪ್ಪಿಗೆ ಕೊಟ್ಟಿಲ್ಲ ಅಂತ ಆಗ್ತದೆ. ಒತ್ತದೆ ಇದ್ರೆ ಅದೂ ಇಲ್ಲ."

"ಒತ್ತುದ್ರೆ ಕಿಟ್ಟ ಜೈಲಿಗೆ ಓಯ್ತಾನೆ, ಆ ಬಡ್ಡಿಮಗ ಕಾರ್ನಾಗೆ ಓಡಾಡ್ತಾನೆ. ಅದ್ನೇ ಏನವ್ವ ನೀನು ಅರ್ಜಿ ಬರ್ದಿದ್ದು?"

ಫೈಲಿನ ಪ್ಲಾಸ್ಟಿಕ್ಕು ಹುಡುಗಿಯ ಹಿಡಿತದಲ್ಲಿ ಚರಚರ ಅಂದಿತು. ಅವಳು ತಲೆ ಅಡ್ಡಡ್ಡ ಆಡಿಸಿದಳು.

ಜವಾನ ಶಾಯಿ ಪ್ಯಾಡನ್ನು ಕೆಂಪಾಜಮ್ಮನ ಮುಂದೆ ಸರಿಸಿದ. ಸ್ವಲ್ಪ ಹೊತ್ತಿಗೆ ಮುಂಚೆ ಮುಟ್ಟಬೇಡ ಎಂದ ಅದೇ ಟೇಬಲ್ಲನ್ನು ಈಗ ತಟ್ಟಿ ತೋರಿಸಿದ. "ಒತ್ತಮ್ಮ, ಬೇಗ. ಊಟದ ಹೊತ್ತು."

ಕೆಂಪಾಜಮ್ಮ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಳು.

"ಕೈ ಕೊಡಮ್ಮ."

"ಕೊಡಾಕಿಲ್ಲ. ಆ ವಿರೂಪಾಕ್ಸಪ್ಪನ ಹೆಸ್ರು ಬರೀರಿ. ಬೀಗ ಬರೀರಿ. ಆಮೇಲೆ ಒತ್ತೀನಿ."

"ಒತ್ತದಿದ್ರೆ ನಿಮ್ಮ ಹೇಳಿಕೆಯೇ ಇಲ್ಲ ಅಂತ ಆಗ್ತದೆ," ಆಶಾರಾಣಿಯವರ ದನಿ ಏರಿತು. "ಅರ್ಥ ಆಗ್ತಿದ್ಯಾ ನಿಮಗೆ?"

"ಆಯ್ತದೆ. ಓದ್ಸಲ ಅರ್ತ ಆಗ್ದೆ ಒತ್ತುದ್ವಿ. ಈ ಸಲ ಅರ್ತ ಆಯ್ತದೆ, ಅದ್ಕೇ ಒತ್ತಾಕಿಲ್ಲ." ಅವಳು ಅಲ್ಲೇ, ಟೇಬಲ್ಲಿನ ಮುಂದೆ, ನೆಲಕ್ಕೆ ಕುಳಿತಳು. ಶೆಡ್ಡಿನಲ್ಲಿ ಕೂರುವಂತೆಯೇ, ಒಂದು ಮೊಣಕಾಲು ಮಡಿಸಿ.

ಪುಟ್ಟಮಾದಮ್ಮ ಬಾಗಿಲು ದಾಟಿ ಬಂದಳು. "ಆರಡಿ ಬುಟ್ಟು ಕುಂತ್ಕೊಬೇಕಾ ಮೇಡಮ್ಮೋರೆ, ಇಲ್ಲ ಪಕ್ಕದಲ್ಲೇ ಕುಂತ್ಕೊಬೋದಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೆಂಪಾಜಮ್ಮನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಳು. ಕೈ ಕಂಕುಳಿಗೆ. ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಸಂಘಮಿತ್ರ ಫೈಲನ್ನು ನೆಲಕ್ಕಿಟ್ಟು ಅದರ ಮೇಲೆ ಕುಳಿತಳು. ಒಬ್ಬಳು ಕೆಮ್ಮಿದಳು. ಜವಾನ ಗಾಬರಿಯಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ಸೊಪ್ಪಿನ ಕೆಮ್ಮು ಕಣಪ್ಪ," ಪುಟ್ಟಮಾದಮ್ಮ ಅಂದಳು. "ಇರ್ಬೋದು."

"ಪೊಲೀಸರಿಗೆ ಫೋನ್ ಮಾಡಿ ಮೇಡಮ್," ವಕೀಲರು ಎದ್ದು ನಿಂತರು. ಆಶಾರಾಣಿ ಫೋನಿನ ಮೇಲೆ ಕೈ ಇಟ್ಟರು. ಎತ್ತಲಿಲ್ಲ.

ಆಗ ಗೋಡೆಯ ಬದಿಯ ಕುರ್ಚಿ ಕಿರ್ರೆಂದಿತು.

"ಮೇಡಮ್," ಕೃಷ್ಣಕುಮಾರ ಎದ್ದು ನಿಂತಿದ್ದ. "ನಲ್ವತ್ ಹಾಳೆ. ಒಂದಲ್ಲ. ನಲ್ವತ್ತಕ್ಕೂ ನಂದೇ..."

ಅವನ ಬಲಗೈ ಜೇಬಿನಿಂದ ಅರ್ಧ ಹೊರಗೆ ಬಂದಿತ್ತು. ಅದರ ಮಣಿಕಟ್ಟನ್ನು ವಕೀಲರು ಹಿಡಿದುಕೊಂಡಿದ್ದರು. ಬಿಳಿ ತೋಳಿನ ಗುಂಡಿ ಕಿತ್ತು ಬಂದು ನೆಲದ ಮೇಲೆ ಉರುಳುತ್ತ ಕೆಂಪಾಜಮ್ಮನ ಕಾಲ ಬೆರಳಿಗೆ ತಾಗಿ ನಿಂತಿತು. ಅವಳು ಅದನ್ನು ಎತ್ತಿಕೊಡಲಿಲ್ಲ. ಕೈ ಕಂಕುಳಲ್ಲೇ ಇತ್ತು.